ಲಕ್ಷ್ಮಿಯ ಮುಂದಿಟ್ಟ ರೊಕ್ಕ, ನಾನು ಬರೆದ ಪತ್ರ

ಮೊನ್ನೆ ನಮ್ಮ ನೌಕರರ ಸಂಘದ ಇಬ್ಬರು ಹುಡುಗರು ರಾಣೆಬೆನ್ನೂರಿನ ನನ್ನ ಮನೆಗೆ ಬಂದಿದ್ದರು. ಬ್ಯಾಂಕಿಗೆ ಹೊಸದಾಗಿ ಸೇರಿದವರಿಗಾಗಿ ಒಂದು ಪುಸ್ತಕ ಮಾಡುತ್ತಿದ್ದಾರಂತೆ.

“ಮೇಡಂ, ನಿಮ್ಮ ಅನುಭವ ಬರದು ಕೊಡ್ರಿ. ಪರದೇಶಕ್ಕ ಓದಾಕ ಹೋಗೋ ಮಕ್ಕಳ ಸಾಲದ ಫೈಲು ಅಷ್ಟು ವರ್ಷ ನೀವ ನೋಡೀರಿ. ಎಷ್ಟು ಮಂದೀನ್ನ ಉದ್ಧಾರ ಮಾಡೀರಿ ಅಂತ ಎಲ್ಲಾರೂ ಹೇಳ್ತಾರ.”

ಉದ್ಧಾರ ಅಂದದ್ದೇ ತಡ, ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪಾಪ, ಹುಡುಗರು ಗಾಬರಿಯಾಗಿ ನೀರು ತರಲು ಒಳಗೆ ಓಡಿದರು. ಬರೆದು ಕೊಡುತ್ತೇನೆ ಎಂದು ಒಪ್ಪಿಕೊಂಡೆ. ಆದರೆ ಅವರು ಕೇಳಿದ್ದನ್ನಲ್ಲ. ನನಗೆ ಸಿಕ್ಕ ಬಡ್ತಿ, ಹೊದೆಸಿದ ಶಾಲು, ಬೀಳ್ಕೊಡುವ ದಿನ ಹೊಗಳಿದ ಮಾತು, ಇವನ್ನೆಲ್ಲ ಕಟ್ಟಿಕೊಂಡು ನಿಮಗೇನಾಗಬೇಕು? ನಾನು ಬ್ಯಾಡಗಿಯ ಒಬ್ಬ ಹುಡುಗಿಯ ಬಾಳು ಹಾಳು ಮಾಡಿದೆ. ಅದೂ ಒಳ್ಳೆಯ ಮನಸ್ಸಿನಿಂದ. ಅದು ಹೇಗಾಯಿತು ಎಂದು ತಿಳಿದುಕೊಂಡರೆ ನಿಮಗೆ ಉಪಯೋಗವಾದೀತು.

ಎರಡು ಸಾವಿರದ ಇಸವಿ ಶುರುವಾದ ಹೊತ್ತು. ನಾನು ಹಾವೇರಿ ಶಾಖೆಯಲ್ಲಿದ್ದೆ. ದಿನಾ ಬೆಳಿಗ್ಗೆ ರಾಣೆಬೆನ್ನೂರಿನಿಂದ ಪ್ಯಾಸೆಂಜರ್ ಗಾಡಿ ಹತ್ತಿ, ದೇವರಗುಡ್ಡ, ಬ್ಯಾಡಗಿ ದಾಟಿ ಹಾವೇರಿಗೆ ಇಳಿಯುತ್ತಿದ್ದೆ. ವಿದ್ಯಾಭ್ಯಾಸದ ಸಾಲ ಎಂಬುದು ಆಗಷ್ಟೇ ನಮ್ಮ ಕಡೆ ಹೆಸರು ಮಾಡತೊಡಗಿತ್ತು. ಆ ಟೇಬಲ್ಲು ಯಾರಿಗೂ ಬೇಡವಾಗಿತ್ತು, ಹಾಗಾಗಿ ನನಗೆ ಬಂತು. ಬೆಳೆಯ ಮೇಲೆ ಸಾಲ ಕೊಟ್ಟರೆ ಬೆಳೆ ಕಾಣುತ್ತದೆ, ಟ್ರ್ಯಾಕ್ಟರಿಗೆ ಕೊಟ್ಟರೆ ಟ್ರ್ಯಾಕ್ಟರ್ ಕಾಣುತ್ತದೆ. ಓದಿಗೆ ಕೊಟ್ಟರೆ ಕಾಣುವುದೇನು? ಸಾಲ ಕೊಟ್ಟ ಮೇಲೆ ಸ್ಥಳ ಪರಿಶೀಲನೆ ಮಾಡಿ ತುಂಬಬೇಕಾದ ಒಂದು ಫಾರಂ ಇತ್ತು. ‘ಸಾಲದಿಂದ ಖರೀದಿಸಿದ ವಸ್ತು ಸ್ಥಳದಲ್ಲಿದೆಯೇ? ಯಾವ ಸ್ಥಿತಿಯಲ್ಲಿದೆ?’ ಎಂಬ ಪ್ರಶ್ನೆ. ನಾನು, ‘ಇಂಗ್ಲೆಂಡಿನಲ್ಲಿದೆ, ಆರೋಗ್ಯವಾಗಿದೆ, ಥಂಡಿ ಹೆಚ್ಚು ಎಂದು ಪತ್ರ ಬರೆದಿದೆ’ ಎಂದು ತುಂಬಿ ಕಳಿಸಿದೆ. ಆಡಿಟಿಗೆ ಬಂದವರು ಅದನ್ನು ಓದಿ ನನಗೆ ಚೆನ್ನಾಗಿ ಬೈದರು. ಆಗೆಲ್ಲ ನನಗೆ ಇಂಥ ಹುಡುಗಾಟ ಇತ್ತು.

ಹಾವೇರಿಯ ನಮ್ಮ ಮ್ಯಾನೇಜರು ವಯಸ್ಸಾದವರು, ಧಾರವಾಡದ ಕಡೆಯವರು. ನನ್ನನ್ನು ಮಗಳ ಹಾಗೆ ನೋಡುತ್ತಿದ್ದರು. ಹೊಸರಿತ್ತಿ ಹತ್ತಿರದ ಒಬ್ಬ ಗೌಡರ ಮಗನಿಗೆ ಅಮೆರಿಕೆಯಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿತ್ತು. ನಮ್ಮ ಸಾಲದ ಜೊತೆಗೆ ಮನೆಯವರ ಬಳಿಯೂ ಇಷ್ಟು ಹಣವಿದೆ ಎಂದು ತೋರಿಸಬೇಕು. ಗೌಡರ ಖಾತೆಯಲ್ಲಿ ಅದರ ಅರ್ಧವೂ ಇರಲಿಲ್ಲ. ಹತ್ತಿ ಇನ್ನೂ ಮಾರಿರಲಿಲ್ಲ, ಬಂಗಾರ ಮನೆಯ ಪೆಟ್ಟಿಗೆಯಲ್ಲಿತ್ತು. ಸಾಹೇಬರು ಲೆಟರ್‌ಹೆಡ್ ತೆಗೆದು, ‘ಈ ಕುಟುಂಬ ಸ್ಥಿತಿವಂತ ಕುಟುಂಬ, ಬೇಕಾದ ಹಣ ಇವರ ಬಳಿ ಇದೆ’ ಎಂದು ಹೇಳಿ ಬರೆಸತೊಡಗಿದರು.

“ಸಾಹೇಬ್ರ, ಖಾತೇದಾಗ ಅಷ್ಟಿಲ್ಲಲ್ರಿ?” ಎಂದೆ.

“ಆ ಗೌಡನ ಮಾತು ನಿನ್ನ ಖಾತೆಗಿಂತ ಘಟ್ಟಿ ಐತವಾ ಶಕುಂತಲಾ. ಸುಮ್ನ ಟೈಪ್ ಮಾಡು.”

ಟೈಪ್ ಮಾಡಿದೆ. ಅವರು ಸಹಿ ಹಾಕಿ ಶಿಕ್ಕಾ ಒತ್ತಿದರು. ಹುಡುಗ ಹೋದ, ಓದಿದ, ನೌಕರಿ ಹಿಡಿದ, ಅವಧಿಗೆ ಮೊದಲೇ ಸಾಲ ತೀರಿಸಿದ. ಯಾರೂ ಏನೂ ಕೇಳಲಿಲ್ಲ. ನಾನು ಅದರಿಂದ ಕಲಿತದ್ದು ಒಂದೇ: ಮಕ್ಕಳ ಒಳ್ಳೆಯದಕ್ಕೆ ಬ್ಯಾಂಕಿನವರು ಒಂದು ಪತ್ರ ಬರೆದು ಶಿಕ್ಕಾ ಹೊಡೆದರೆ ಕೆಲಸವಾಗುತ್ತದೆ. ಸಾಹೇಬರು ದೇವರಂಥವರು. ಅವರು ನನಗೆ ಕಲಿಸಿದ ಆ ಪಾಠ ಮಾತ್ರ ಸುಟ್ಟುಹೋಗಲಿ.

ಆಮೇಲೆ ರಾಣೆಬೆನ್ನೂರಿಗೆ ವರ್ಗವಾಯಿತು. ಅಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ಮಾಡಿದೆ. ದೇವರಗುಡ್ಡದ ಕಡೆಯ ಒಬ್ಬ ಹುಡುಗ, ತಂದೆ ಇಲ್ಲದವನು, ಆಸ್ಟ್ರೇಲಿಯಾದಲ್ಲಿ ಸೀಟು ತಂದಿದ್ದ. ಹೊಲ ಅಡವಿಡಬೇಕು. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಜ್ಜನ ಕಾಲದ ಹನ್ನೊಂದು ಹೆಸರು. ಎಲ್ಲರ ಸಹಿ ಬೇಕು ಎಂದೆ. ರೂಲು ಹಾಗೇ ಇತ್ತು. ಹುಡುಗ ಬೇಸಿಗೆಯಲ್ಲಿ ಊರೂರು ತಿರುಗಿ ಹನ್ನೊಂದು ಸಹಿ ತಂದ. ಹೆಬ್ಬೆಟ್ಟು ಒತ್ತಲು ಒಲ್ಲೆನೆಂದ ಒಬ್ಬ ಸೋದರತ್ತೆಯ ಕಾಲು ಹಿಡಿದು ಒಪ್ಪಿಸಿದನಂತೆ. ಫೈಲನ್ನು ನನ್ನ ಕೈಗಿಟ್ಟು, “ಆತಲ್ರಿ ಮೇಡಂ?” ಎಂದು ನಕ್ಕ. ಆತು ಎಂದೆ. ನನ್ನ ತಂಗಿಯ ಮದುವೆ ಇತ್ತು. ಫೈಲು ಕಪಾಟಿನಲ್ಲಿಟ್ಟು, ಮೇಲಿನ ಕಚೇರಿಗೆ ಕಳಿಸಲು ಯಾರಿಗೂ ಹೇಳದೆ ರಜೆ ಹಾಕಿ ಹೋದೆ. ತಿರುಗಿ ಬರುವಷ್ಟರಲ್ಲಿ ಫೀ ಕಟ್ಟುವ ಕೊನೆಯ ದಿನ ಮುಗಿದಿತ್ತು.

ಅವನು ಜಗಳವಾಡಲಿಲ್ಲ. “ಹೋಗ್ಲಿ ಬಿಡ್ರಿ ಮೇಡಂ” ಎಂದು ಕಾಗದಪತ್ರ ಎಣಿಸಿಕೊಂಡು ಚೀಲದಲ್ಲಿ ಹಾಕಿಕೊಂಡು ಹೋದ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಕಾಗದದ ಕಾರಣಕ್ಕೆ ಇನ್ನೊಂದು ಮಗುವಿನ ಸೀಟು ನನ್ನ ಕೈಯಲ್ಲಿ ಹೋಗಬಾರದು ಎಂದು ಅಂದೇ ಶಪಥ ಮಾಡಿಕೊಂಡೆ. ಆ ಶಪಥವೇ ಮುಂದೆ ಮುಳುವಾಯಿತು.

ಈ ನಡುವೆ ಕೆಲಸದ ರೀತಿ ಬದಲಾಯಿತು. ಮೊದಲು ಲೆಜರ್ ಪುಸ್ತಕ, ನಮ್ಮದೇ ಕೈಬರಹ. ಒಂದು ದಿನ ಖಾತೆಯಲ್ಲಿ ಇಷ್ಟು ಹಣ ಇತ್ತು ಎಂದು ಬರೆದುಕೊಟ್ಟರೆ ಸಾಕಾಗುತ್ತಿತ್ತು. ಬೀಗರು, ನೆಂಟರು, ಅಂಗಡಿಯ ಗೆಳೆಯರು ಎಲ್ಲ ಸೇರಿ ಆ ಒಂದು ದಿನಕ್ಕೆ ಕೈಗಡ ಕೊಟ್ಟು ಮರುದಿನ ವಾಪಸ್ಸು ಒಯ್ಯುತ್ತಿದ್ದರು. ನಮ್ಮ ಕಡೆ ಇದರಲ್ಲಿ ಯಾರೂ ತಪ್ಪು ಕಾಣುತ್ತಿರಲಿಲ್ಲ, ಮದುವೆಗೆ ಪಾತ್ರೆ ಕೊಟ್ಟು ತಿರುಗಿ ತೆಗೆದುಕೊಂಡ ಹಾಗೆ. ಆಮೇಲೆ ಎಲ್ಲ ಶಾಖೆಗಳೂ ಒಂದೇ ಕಂಪ್ಯೂಟರಿಗೆ ಸೇರಿದವು. ಯಾವ ದಿನ ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲ ಅದರಲ್ಲಿ. ಇಂಗ್ಲೆಂಡಿನವರಂತೂ ಎರಡು ಸಾವಿರದ ಒಂಬತ್ತರ ಹೊತ್ತಿಗೆ ಹೊಸ ನಿಯಮ ತಂದರು. ಫೀ ಮತ್ತು ಊಟ-ವಸತಿಯ ಹಣ ಖಾತೆಯಲ್ಲಿ ಬಿಡದೆ ಇಪ್ಪತ್ತೆಂಟು ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ವೀಸಾ ಇಲ್ಲ. ನಾನು ಆಗ ಬ್ಯಾಡಗಿ ಶಾಖೆಯಲ್ಲಿದ್ದೆ.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಬಸವಣ್ಣೆಪ್ಪ ಎಂಬವರದು ಗೋಣಿಚೀಲದ ಅಂಗಡಿ. ಮೆಣಸಿನಕಾಯಿ ತುಂಬುವ ಚೀಲ, ಹೊಲಿಯುವ ದಬ್ಬಣ, ಸುತಳಿ, ಇಷ್ಟೇ ವ್ಯಾಪಾರ. ನಾಲ್ಕನೇ ಇಯತ್ತೆವರೆಗೆ ಓದಿದವರು. ಅವರ ಒಬ್ಬಳೇ ಮಗಳು ಮಂಗಲಾ ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ್ದಳು. ಪರದೇಶಕ್ಕೆ ಹೋದ ಮೆಣಸಿನಕಾಯಿ, ಬೂಷ್ಟು ಹಿಡಿದು ಹುಟ್ಟುವ ವಿಷ ಇದೆ ಎಂದು ತಿರುಗಿ ಬರುತ್ತಿದ್ದ ಕಾಲ ಅದು. ಅದನ್ನು ಪರೀಕ್ಷೆ ಮಾಡುವ ವಿದ್ಯೆಯನ್ನೇ ಕಲಿಯುತ್ತೇನೆಂದು ಹಟ ಹಿಡಿದು, ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಆಹಾರ ಸುರಕ್ಷತೆಯ ಸ್ನಾತಕೋತ್ತರ ಪದವಿಗೆ ಸೀಟು ಪಡೆದಿದ್ದಳು. ಜನವರಿಯಲ್ಲಿ ತರಗತಿ ಶುರು.

“ಈಕೀನ್ನ ಕಳಸಿದ್ರ ನಮ್ಮ ಪ್ಯಾಟಿಗೂ ಒಳ್ಳೇದ ಆಗ್ತೈತ್ರಿ ಅಕ್ಕಾರ” ಎಂದು ಬಸವಣ್ಣೆಪ್ಪ ಮೊದಲ ದಿನವೇ ನನಗೆ ಹೇಳಿದರು. “ಅಲ್ಲಾ, ನಮ್ಮ ಕಾಯಿ ಛಲೋ ಐತೋ ಇಲ್ಲೋ ಅನ್ನೋದನ್ನ ಇನ್ನ್ಯಾರೋ ಯಾಕ ಹೇಳಬೇಕು? ನನ್ನ ಮಗಳ ಹೇಳ್ಲಿ.”

ನಾನು ಸಾಲ ಮಂಜೂರು ಮಾಡಿಸಿದೆ. ಉಳಿದ ಹಣವನ್ನು ಅವರು ಜೋಡಿಸಿದರು. ಹೆಂಡತಿಯ ಬಂಗಾರ ಹೋಯಿತು. ಇಬ್ಬರು ಷಡ್ಡಕರು ಕೈಗಡ ಕೊಟ್ಟರು, ಒಂದೇ ಷರತ್ತಿನ ಮೇಲೆ: ಡಿಸೆಂಬರಿನಲ್ಲಿ ಹೊಸ ಕಾಯಿ ಪೇಟೆಗೆ ಬರತೊಡಗಿದರೆ ಖರೀದಿಗೆ ನಮ್ಮ ರೊಕ್ಕ ನಮಗೆ ಬೇಕು. ಅಷ್ಟರೊಳಗೆ ವೀಸಾ ಬಂದಿರುತ್ತದೆ, ಚೀಲ ಮಾರಿದ ಲಾಭದಲ್ಲಿ ತಿಂಗಳು ತಿಂಗಳು ಕಳಿಸಿದರಾಯಿತು ಎಂಬುದು ಅವರ ಲೆಕ್ಕ. ಹಣವೆಲ್ಲ ಖಾತೆಗೆ ಬಿದ್ದ ದಿನ ಮಂಗಲಾ ತಂದೆಯನ್ನು ನನ್ನ ಮುಂದೆಯೇ ನಿಲ್ಲಿಸಿ, “ಅಪ್ಪಾ, ಇನ್ನ ಇಪ್ಪತ್ತೆಂಟು ದಿನ ಇದರಾಗಿಂದ ಒಂದು ಪೈಸಾ ಖರ್ಚು ಮಾಡಂಗಿಲ್ಲ ನೋಡು” ಎಂದಳು.

“ಹುಚ್ಚಿ, ನಿನ್ನ ರೊಕ್ಕ ನಾ ಖರ್ಚು ಮಾಡ್ತೇನಿ?” ಎಂದು ಅವರು ನಕ್ಕರು.

ದೀಪಾವಳಿ ಬಂತು. ಬ್ಯಾಡಗಿಯಲ್ಲಿ ಅಮಾವಾಸ್ಯೆಯ ಸಂಜೆ ಅಂಗಡಿ ಅಂಗಡಿಯಲ್ಲೂ ಲಕ್ಷ್ಮೀಪೂಜೆ. ಹೊಸ ಖಾತೆ ಪುಸ್ತಕ, ತಕ್ಕಡಿ, ಅದರ ಮುಂದೆ ಹೊಸ ನೋಟಿನ ಕಟ್ಟು. ಬ್ಯಾಂಕಿನಲ್ಲಿ ಎಷ್ಟಿದೆಯೋ ಅಷ್ಟನ್ನೂ ತೆಗೆದು ಲಕ್ಷ್ಮಿಯ ಮುಂದಿಟ್ಟು, ಹಬ್ಬ ಮುಗಿದ ಮೇಲೆ ತಿರುಗಿ ಕಟ್ಟುವುದು ಅಲ್ಲಿನ ಪದ್ಧತಿ. ಹಬ್ಬದ ಹಿಂದಿನ ದಿನ ಕೌಂಟರಿನಲ್ಲಿ ನೂಕುನುಗ್ಗಲು. ರಜೆ ಮುಗಿದು ತಿರುಗಿ ಬರುವ ನೋಟಿಗೆಲ್ಲ ಅರಿಶಿನ, ಕುಂಕುಮ. ನಮ್ಮ ಕ್ಯಾಷಿಯರ್ ಬೈದುಕೊಳ್ಳುತ್ತಲೇ ಎಣಿಸುತ್ತಿದ್ದ. ದೊಡ್ಡ ಮೊತ್ತಕ್ಕೆ ನನ್ನ ಸಹಿ ಬೇಕು. ಆ ದಿನ ಎಷ್ಟು ಚೀಟಿಗೆ ಸಹಿ ಹಾಕಿದೆನೋ ದೇವರೇ ಬಲ್ಲ.

“ಅಕ್ಕಾರ, ನನಗೂ ಹೊಸಾ ನೋಟಿನ ಕಟ್ಟ ಕೊಡಸ್ರಿ” ಎಂದು ಬಸವಣ್ಣೆಪ್ಪ ಚೀಟಿ ಚಾಚಿದರು. “ನಾಳೆ ಪೂಜಾಕ್ಕ ನೀವು ಬರ್ಲಿಕ್ಕೇಬೇಕ್ರಿ ಮತ್ತ.”

ಬರುತ್ತೇನೆ ಎಂದು ನಗುತ್ತ ಸಹಿ ಹಾಕಿದೆ. ಅವರ ಮುಖ ನೋಡಿದೆ, ಚೀಟಿಯನ್ನು ನೋಡಲಿಲ್ಲ.

ಮರುದಿನ ಸಂಜೆ ಅವರ ಅಂಗಡಿಗೆ ಹೋದೆ. ಬಾಗಿಲಿಗೆ ಬಾಳೆಕಂದು, ಕಬ್ಬು, ಚೆಂಡುಹೂವಿನ ಸರ. ಪೇರಿಸಿಟ್ಟ ಗೋಣಿಚೀಲದ ಥಡಿಗಳ ನಡುವೆ ಸೀರೆ ಉಡಿಸಿದ ಲಕ್ಷ್ಮಿ. ಅವಳ ಮುಂದೆ ದೊಡ್ಡ ಹಿತ್ತಾಳೆಯ ಹರಿವಾಣದಲ್ಲಿ ನೋಟಿನ ಕಟ್ಟು ಒಂದರ ಮೇಲೊಂದು. ಹುಬ್ಬಳ್ಳಿಗೆ ವೀಸಾದ ಕೆಲಸಕ್ಕೆ ಹೋಗಿದ್ದ ಮಂಗಲಾ ಆಗಷ್ಟೇ ಬಂದು, ಕೈಕಾಲು ತೊಳೆದುಕೊಂಡು ಆರತಿ ಹಿಡಿಯಲು ನಿಂತಳು. ಹರಿವಾಣ ನೋಡಿದಳು. ನನ್ನ ಕಡೆ ತಿರುಗಿದಳು.

“ಅಕ್ಕಾರ, ಇದು ಯಾವ ರೊಕ್ಕಾರಿ?”

ನಿನ್ನೆ ಓದದೆ ಸಹಿ ಹಾಕಿದ ಚೀಟಿ ನೆನಪಾಯಿತು. ಬಸವಣ್ಣೆಪ್ಪ ಉಮೇದಿನಿಂದ, “ನಿನ್ನ ರೊಕ್ಕಾನವಾ! ಎಲ್ಲಾ ತಗೊಂಡು ಬಂದೇನಿ. ತಾಯಿ ಮುಂದ ಇಟ್ಟು ಕಳಸಿದ್ರ ಎಲ್ಲೂ ಅಡ್ಡಿ ಬರಂಗಿಲ್ಲ” ಎಂದರು.

“ಅಪ್ಪಾ, ತಗೀಬ್ಯಾಡ ಅಂದಿದ್ನೆಲ್ಲೋ!”

“ನೀ ಖರ್ಚು ಮಾಡಬ್ಯಾಡ ಅಂದಿದ್ದಿ. ನಾ ಎಲ್ಲೆ ಖರ್ಚು ಮಾಡೇನಿ? ದೇವರ ಮುಂದ ಇಟ್ರ ಖರ್ಚು ಮಾಡಿದಂಗೇನು?”

ಮಂಗಲಾ ಅಳಲಿಲ್ಲ. ಆರತಿ ಬೆಳಗಿದಳು. ನನಗೆ ಪೇಢೆ, ಎಲೆ ಅಡಿಕೆ ಕೊಟ್ಟಳು. ರಜೆ ಮುಗಿದು ಬ್ಯಾಂಕು ತೆರೆದ ದಿನ ತಂದೆ ಹಣ ತಿರುಗಿ ಕಟ್ಟಿದರು, ಒಂದು ರೂಪಾಯಿಯೂ ಕಡಿಮೆಯಿಲ್ಲ. ಆದರೆ ಕಂಪ್ಯೂಟರಿನಲ್ಲಿ ನಡುವಿನ ಆ ದಿನಗಳಲ್ಲಿ ಖಾತೆ ಬರಿದಾಗಿತ್ತು. ಮತ್ತೆ ಒಂದರಿಂದ ಎಣಿಸಬೇಕು. ಇಪ್ಪತ್ತೆಂಟು ದಿನ ಮುಗಿದು ಅರ್ಜಿ ಹಾಕಿ, ತಿಂಗಳ ಮೇಲೆ ಕಾದು ವೀಸಾ ಬರುವಷ್ಟರಲ್ಲಿ ಜನವರಿಯ ತರಗತಿ ಶುರುವಾಗಿರುತ್ತದೆ. ಷಡ್ಡಕರ ಹಣವೂ ಅಲ್ಲಿಯವರೆಗೆ ನಿಲ್ಲುವುದಿಲ್ಲ.

ಮಂಗಲಾ ಒಬ್ಬಳೇ ನನ್ನ ಟೇಬಲ್ಲಿನ ಹತ್ತಿರ ಬಂದಳು. “ಮುಂದಿನ ಸಪ್ಟೆಂಬರಿಗೆ ಸೀಟು ಕೊಡ್ರಿ ಅಂತ ಕೇಳ್ತೇನ್ರಿ ಅಕ್ಕಾರ. ಕೊಡ್ತಾರಂತ. ಅಷ್ಟ್ರಾಗ ಹೆಂಗರ ಮಾಡಿ ರೊಕ್ಕ ಕೂಡಸ್ತೇವಿ.”

ಕೇಳಿಸಿಕೊಳ್ಳಿ, ಹೊಸದಾಗಿ ಸೇರಿದವರೇ. ಆ ಹುಡುಗಿ ಸರಿಯಾದ ದಾರಿಯನ್ನು ತಾನೇ ಹೇಳಿದ್ದಳು. ಹೂಂ ಎಂದಿದ್ದರೆ ಸಾಕಿತ್ತು. ಆದರೆ ನನಗೆ ದೇವರಗುಡ್ಡದ ಹುಡುಗ ಕಾಗದ ಎಣಿಸಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿತ್ತು. ಮೇಲಾಗಿ ಆ ಚೀಟಿಗೆ ಸಹಿ ಹಾಕಿದವಳು ನಾನೇ. ನನ್ನ ತಪ್ಪನ್ನು ನಾನೇ ತಿದ್ದಬೇಕೆಂಬ ಜಂಭ.

“ಯಾಕ ಒಂದು ವರ್ಷ ಹಾಳು ಮಾಡ್ಕೋತಿ? ಸ್ಟೇಟ್‌ಮೆಂಟ್ ಬದ್ಲಿ ಬ್ಯಾಂಕಿನ ಪತ್ರಾನೂ ನಡೀತೈತಿ ಅಂತ ನಿಯಮದಾಗ ಐತಿ. ನಾ ಬರದು ಕೊಡ್ತೇನಿ, ಇಪ್ಪತ್ತೆಂಟು ದಿನ ರೊಕ್ಕ ಇತ್ತು ಅಂತ.”

“ನಡೀತೈತೇನ್ರಿ?”

“ಇಷ್ಟು ವರ್ಷ ನಡದೈತಿ. ನಾನೇನು ಸುಳ್ಳು ಹೇಳಾಕತ್ತೇನೇನು? ರೊಕ್ಕ ನಿಮ್ಮದ ಇತ್ತು, ನಿಮ್ಮ ಅಂಗಡ್ಯಾಗ ಇತ್ತು.”

“ನೀವು ಹೇಳಿದ್ರ ಆತ್ರಿ” ಎಂದಳು. ಅವಳ ತಂದೆ ನನ್ನ ಮೇಲಿಟ್ಟಿದ್ದ ನಂಬಿಕೆಯನ್ನು ಅವಳೂ ಇಟ್ಟಳು. ನಾನು ಬರೆದೆ, ಸಹಿ ಹಾಕಿದೆ, ಶಿಕ್ಕಾ ಒತ್ತಿದೆ.

ಕೆಲವು ದಿನಗಳ ಮೇಲೆ ನಮ್ಮ ಹೊಸ ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಮೈಸೂರು ಕಡೆಯವರು, ಚಿಕ್ಕ ವಯಸ್ಸು. ವೀಸಾ ಕಚೇರಿಯಿಂದ ಇ-ಮೇಲ್ ಬಂದಿತ್ತು. ಜೊತೆಗೆ ನನ್ನ ಪತ್ರದ ಪ್ರತಿ. ಇದು ನಿಜವೇ ಎಂದು ಕೇಳಿದ್ದರು.

“ಇದು ನಿಮ್ಮ ಸೈನ್ ತಾನೆ ಮೇಡಂ? ಸಿಸ್ಟಮ್‌ನಲ್ಲಿ ನೋಡಿದ್ರೆ ಮಧ್ಯದಲ್ಲಿ ಅಕೌಂಟ್ ಖಾಲಿ ಇದೆಯಲ್ಲ!”

ಲಕ್ಷ್ಮೀಪೂಜೆಯ ಕಥೆ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಪಾಪ, ನಿಮ್ಮ ಉದ್ದೇಶ ಗೊತ್ತಾಗತ್ತೆ. ಆದ್ರೆ ನಾನು ಸುಳ್ಳು ಬರೆಯೋಕಾಗಲ್ಲ. ಇದ್ದಿದ್ದನ್ನ ಇದ್ದ ಹಾಗೆ ಬರೀತೀನಿ. ನೀವು ಮೊದಲು ಇಲ್ಲಿಂದ ಟ್ರಾನ್ಸ್‌ಫರ್ ತಗೊಳ್ಳಿ.”

ಅವರು ಮಾಡಿದ್ದು ಸರಿ. ನನ್ನ ಮೇಲೆ ದೂರು ಕೊಡಲಿಲ್ಲ, ಅದು ಅವರ ದೊಡ್ಡತನ. ನಾನು ಅಂದೇ ಬಸವಣ್ಣೆಪ್ಪನ ಮನೆಗೆ ಹೋಗಿ, ಅರ್ಜಿ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಹೇಳಬಹುದಿತ್ತು. ರೈಲ್ವೆ ಸ್ಟೇಷನ್ನಿನ ದಾರಿಯಲ್ಲೇ ಅವರ ಮನೆ. ಮುಖ ತಿರುಗಿಸಿಕೊಂಡು ಹೋಗಿ ಗಾಡಿ ಹತ್ತಿದೆ.

ವೀಸಾ ಬರಲಿಲ್ಲ. ಬರೀ ಅಷ್ಟೇ ಆಗಿದ್ದರೆ ಸಪ್ಟೆಂಬರಿಗೆ ಹೋಗುತ್ತಿದ್ದಳು. ಸುಳ್ಳು ದಾಖಲೆ ಕೊಟ್ಟಿದ್ದಾಳೆ ಎಂದು ಹತ್ತು ವರ್ಷ ಆ ದೇಶಕ್ಕೆ ಅರ್ಜಿ ಹಾಕದ ಹಾಗೆ ಮಾಡಿದ್ದರು. ಬೇರೆ ದೇಶದ ಅರ್ಜಿಯಲ್ಲೂ, ಹಿಂದೆ ನಿಮಗೆ ವೀಸಾ ನಿರಾಕರಿಸಿದ್ದಾರೆಯೇ, ಯಾಕೆ, ಎಂಬ ಪ್ರಶ್ನೆ ಇರುತ್ತದೆ. ಸಾಲವನ್ನೂ ನಮ್ಮ ಬ್ಯಾಂಕು ರದ್ದು ಮಾಡಿತು.

ನಾನು ವರ್ಗ ಮಾಡಿಸಿಕೊಂಡು ಹಾವೇರಿಗೆ ಹೊರಡುವ ವಾರ ತಂದೆ ಮಗಳು ಬ್ಯಾಂಕಿಗೆ ಬಂದರು. ಬಸವಣ್ಣೆಪ್ಪನ ಕೈಯಲ್ಲಿ ಇಂಗ್ಲಿಷ್ ಪತ್ರ. ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ, ಮಗಳು ಹೇಳಿದಷ್ಟೇ ಗೊತ್ತು.

“ಇಪ್ಪತ್ತೆಂಟು ದಿನ ತುಂಬಿಲ್ಲಂತರಿ ಅಕ್ಕಾರ. ತಪ್ಪು ನಂದ. ನೀವು ಪಾಪ ಪತ್ರಾನೂ ಕೊಟ್ರಿ, ಆದ್ರೂ ಆಗ್ಲಿಲ್ಲ. ನಾ ಮಾಡಿದ ಪೂಜಾ ನನ್ನ ಮಗಳಿಗೆ ಅಡ್ಡ ಬಂತು ನೋಡ್ರಿ.” ಹೇಳುತ್ತ ಹೇಳುತ್ತ ಕೌಂಟರಿನ ಮೇಲೆ ತಲೆಯಿಟ್ಟು ಅಳತೊಡಗಿದರು. ಅಷ್ಟು ವಯಸ್ಸಾದ ಮನುಷ್ಯ ಜನರ ಮುಂದೆ ಹಾಗೆ ಅತ್ತದ್ದನ್ನು ನಾನು ಮತ್ತೆ ಕಂಡಿಲ್ಲ.

ಮಂಗಲಾ ಹಿಂದೆ ನಿಂತಿದ್ದಳು. ಪತ್ರದಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ನನ್ನನ್ನು ಒಂದು ಸಲ ನೋಡಿದಳು. ನಾನು ಹೇಳಲಿಲ್ಲ. ಅಡ್ಡ ಬಂದದ್ದು ನಿಮ್ಮ ಪೂಜೆಯಲ್ಲ, ನನ್ನ ಪತ್ರ ಎಂಬ ಒಂದು ಮಾತು ಸಾಕಿತ್ತು. ನೌಕರಿ ಹೋಗುತ್ತದೆ, ಪೆನ್ಷನ್ ಹೋಗುತ್ತದೆ ಎಂಬ ಹೆದರಿಕೆ. ಇನ್ನೇನೂ ಅಲ್ಲ, ಅಷ್ಟೇ.

ಮುಂದಿನ ದೀಪಾವಳಿಗೆ ಬ್ಯಾಡಗಿಗೆ ಹೋಗಿದ್ದೆ. ಇಡೀ ಪೇಟೆ ದೀಪ ಹಚ್ಚಿಕೊಂಡಿತ್ತು. ಗೋಣಿಚೀಲದ ಅಂಗಡಿಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ ಬಸವಣ್ಣೆಪ್ಪ ಚೀಲದ ಥಡಿಯ ಮೇಲೆ ಸುಮ್ಮನೆ ಕೂತಿದ್ದರು. ಪೂಜೆ ಇಲ್ಲ. “ಆ ತಾಯಿ ಮುಂದ ಇನ್ನ ನನಗ ಏನು ಕೆಲಸ ಐತ್ರಿ ಅಕ್ಕಾರ” ಎಂದರು. ಆಗಲೂ ನಾನು ಹೇಳಲಿಲ್ಲ. ಆಮೇಲೆ ಪ್ರತಿ ವರ್ಷವೂ ಅದೇ ಎಂದು ಕೇಳಿದೆ. ಊರಿನ ಜನ ಅವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ನಾನು ಹಾವೇರಿಯಲ್ಲೇ ನಿವೃತ್ತಳಾದೆ. ಪೆನ್ಷನ್ ಬಂತು, ಬರುತ್ತಿದೆ. ಮಂಗಲಾ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕೆ ಸೇರಿದಳು. ಮೆಣಸಿನಕಾಯಿಯ ಸ್ಯಾಂಪಲ್ ಪಾಕೀಟು ಕಟ್ಟಿ, ಹೆಸರು ಬರೆದು, ದೂರದ ಪ್ರಯೋಗಾಲಯಕ್ಕೆ ಪರೀಕ್ಷೆಗೆ ಕಳಿಸುವ ಕೆಲಸ. ಯಾವುದನ್ನು ತಾನೇ ಮಾಡಬೇಕೆಂದಿದ್ದಳೋ ಅದನ್ನು ಇನ್ನೊಬ್ಬರು ಮಾಡುತ್ತಾರೆ.

ಬಸವಣ್ಣೆಪ್ಪ ತೀರಿಕೊಂಡ ಸುದ್ದಿ ತಿಳಿದು ಮಾತಾಡಿಸಲು ಹೋದೆ. ಮಂಗಲಾ ಬಾಗಿಲಿಗೆ ಬಂದು, “ಬರ್ರಿ ಅಕ್ಕಾರ, ಕುಂದ್ರಿ” ಎಂದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕಪ್ಪು-ಬಸಿ ತುಂಬ ಚಹಾ ತಂದಿಟ್ಟಳು. ಅದನ್ನು ಮುಟ್ಟದೆ ಕೇಳಿದೆ.

“ಅಪ್ಪಗ ನೀ ಯಾಕ ಹೇಳಲಿಲ್ಲವಾ, ತಪ್ಪು ಶಕುಂತಲಾಬಾಯಿದು ಅಂತ? ಆ ಜೀವ ಪೂಜಾ ಬಿಟ್ಟು ಕುಂತಿತಲ್ಲ.”

“ಮೊದಲ ಮೊದಲ ನಿಮ್ಮ ನೌಕರಿ ಹೋಗ್ತೈತಿ ಅಂತ ಹೇಳಲಿಲ್ರಿ. ನೀವು ನನ್ನ ಸಲುವಾಗೇ ಬರದಿದ್ರಿ. ಆಮ್ಯಾಲ ನೀವು ರಿಟೈರ್ ಆದ್ರಿ.” ಅವಳು ನೆಲದ ಮೇಲಿದ್ದ ತಂದೆಯ ಟೊಪಿಗೆಯನ್ನು ತೆಗೆದು ಮಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನ ನೀವ ಬಂದು ಅಪ್ಪಗ ಹೇಳ್ತೀರಿ ಅಂದ್ಕೊಂಡೆ. ನಾ ಹೇಳೋದಕ್ಕಿಂತ ನೀವು ಹೇಳಿದ್ರ ನಂಬ್ತಿದ್ದ. ಪ್ರತಿ ದೀಪಾವಳಿಗೆ ಬಾಗಿಲಾ ನೋಡ್ತಿದ್ದೆರಿ ಅಕ್ಕಾರ.”